ಚೆಂಡು ಮೊದಲೋ, ಕಾಲು ಮೊದಲೋ

ನಾನು ಎಲ್ಲಿ ಸುಮ್ಮನೆ ಕುಳಿತರೂ ತಂಟೆ ವಿಳಾಸ ಕೇಳಿಕೊಂಡು ಬರುತ್ತದೆ. ಈ ಆಷಾಢದಲ್ಲಿ ಅದು ಫುಟ್‌ಬಾಲ್ ರೂಪದಲ್ಲಿ ಬಂತು. ಬೆಟಗೇರಿಯ ಮೈದಾನದಲ್ಲಿ ಗೆರೆಯಾಚೆ ನಿಂತು ಮೂವತ್ತು ವರ್ಷದಿಂದ ಆಟ ನೋಡುತ್ತಿದ್ದೇನೆ. ಒಳಗೆ ಆಡುವವರಿಗಿಂತ ಹೆಚ್ಚು ಬೆವರುತ್ತೇನೆ. ನನಗೆ ಗೊತ್ತಿಲ್ಲದ ನಿಯಮವನ್ನು ಇನ್ನೂ ಯಾರೂ ಬರೆದಿಲ್ಲ.

೧. ಕೆಂಪು ಕಾರ್ಡ್

ಸೆಮಿಫೈನಲ್ ಮುಗಿಯಲು ಐದು ನಿಮಿಷ. ನನ್ನ ಅಕ್ಕನ ಮಗ ಬೆಟಗೇರಿ ತಂಡದ ಡಿಫೆಂಡರ್. ಕೆಸರಿನಲ್ಲಿ ಜಾರುತ್ತ ಹೋಗಿ ಗದಗ ತಂಡದ ಫಾರ್ವರ್ಡ್‌ಗೆ ಒಂದು ಟ್ಯಾಕಲ್ ಕೊಟ್ಟ. ಆ ಹುಡುಗ ಎಷ್ಟು ಮೇಲೆ ಹಾರಿದನೆಂದರೆ, ಮುಳಗುಂದದಲ್ಲಿ ಮಳೆ ಬರುತ್ತಿದೆಯೋ ಇಲ್ಲವೋ ನೋಡಿಕೊಂಡೇ ಕೆಳಗಿಳಿದ. ರೆಫರಿ ಮಲ್ಲಸಮುದ್ರದ ಕಡೆಯ ಒಬ್ಬ ಪಿ.ಟಿ. ಮಾಸ್ತರು. ಓಡಿಬಂದು ಕೆಂಪು ಕಾರ್ಡ್ ಎತ್ತಿದರು. ನಮ್ಮ ತಂಡವೇನೋ ಗೆದ್ದಿತು. ಆದರೆ ಕೆಂಪು ಕಾರ್ಡ್ ಬಿದ್ದವನಿಗೆ ಮುಂದಿನ ರವಿವಾರದ ಫೈನಲ್ ಇಲ್ಲ.

ಅಳಿಯ ಮುಖ ಸಣ್ಣದು ಮಾಡಿಕೊಂಡು ಬಂದ. "ಮಾವಾ, ಏಳು ವರ್ಷ ಆಡಿದ ಮ್ಯಾಲೆ ಒಂದು ಫೈನಲ್ ಬಂದೈತಿ. ಏನರ ಮಾಡು."

"ನೀ ಮೊದಲ ಚೆಂಡು ಮುಟ್ಟಿದಿ, ಆಮ್ಯಾಲೆ ಕಾಲು; ಅದು ಫೌಲ್ ಅಲ್ಲ. ನನ್ನ ಕಣ್ಣೀಲೆ ನೋಡೇನಿ. ಕಾರ್ಡ್ ವಾಪಸ್ ತಗಸ್ತೀನಿ ತಡಿ."

"ನಿನ್ನ ಕಣ್ಣಿಗೆ ಪೊರೆ ಬಂದೈತಲ್ಲ?"

"ಪೊರೆ ಬಂದಿದ್ದು ಬಲಗಣ್ಣಿಗೆ. ನಾ ನೋಡಿದ್ದು ಎಡಗಣ್ಣೀಲೆ."

೨. ಚಹಾದಂಗಡಿಯಲ್ಲಿ ಮರುಪಂದ್ಯ

ಚಹಾದಂಗಡಿಯ ಮಾಲಕ ಗದಗ ತಂಡದ ಕಡೆಯವನು. "ಕಾಲು ಮೊದಲ ಹತ್ತೈತಿ ಬಿಡ್ರಿ," ಅಂದ. ಬಾಯಿಮಾತು ಸಾಲದೆಂದು ನಾನು ಮಾಡಿಯೇ ತೋರಿಸಲು ಎದ್ದೆ. ನನ್ನ ಗೆಳೆಯ, ದನದ ಸಂತೆಯ ದಲಾಲ, ಫಾರ್ವರ್ಡ್ ಆದ. ಒಂದು ಮಿರ್ಚಿ ಭಜಿ ಚೆಂಡಾಯಿತು. ಒದ್ದೆ ನೆಲದ ಮೇಲೆ ನಾನು ಅಚ್ಚುಕಟ್ಟಾಗಿ ಜಾರಿದೆ. ಭಜಿ ಇದ್ದಲ್ಲೇ ಇತ್ತು. ದಲಾಲ ಚುರುಮುರಿ ಕಲಸಿದ ಗಿರಮಿಟ್ ಬುಟ್ಟಿಯಲ್ಲಿ ಕುಳಿತಿದ್ದ.

ಮಾಲಕ ಬಾಗಿಲ ಕಡೆ ಕೈ ತೋರಿಸಿದ. ಅವನ ಹತ್ತಿರ ಕಾರ್ಡ್ ಇರಲಿಲ್ಲ, ಬೇಕಾಗಲೂ ಇಲ್ಲ.

೩. ಟವೆಲ್ ಕೆಳಗಿನ ಮಾತು

ದನದ ಸಂತೆಯಲ್ಲಿ ಎತ್ತಿನ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ ಬೆರಳು ಹಿಡಿದೇ ವ್ಯಾಪಾರ ಕುದುರಿಸುತ್ತಾರೆ. ದಲಾಲ ಬಟ್ಟೆ ಬದಲಿಸಿಕೊಂಡು, "ಕೆಂಪು ಕಾರ್ಡ್ ಹಳದಿಗೆ ಇಳಸ್ತೀನಿ, ನೀ ಸುಮ್ಮನ ನೋಡು," ಎಂದು ನನ್ನನ್ನು ಮಾಸ್ತರ ಮನೆಗೆ ಕರೆದೊಯ್ದ. ಹೋದವನೇ ಅವರ ಕೈಮೇಲೆ ಟವೆಲ್ ಹಾಕಿ ಒಂದು ಬೆರಳು ಅದುಮಿದ. ಆಮೇಲೆ ಎರಡು. ಮಾಸ್ತರು ಕದಲಲಿಲ್ಲ. ದಲಾಲ ಐದೂ ಬೆರಳು ಹಿಡಿದ. ಅವನ ಹಣೆಯಲ್ಲಿ ಬೆವರು.

ಮಾಸ್ತರು ಗಾಬರಿಯಾಗಿ ಮೆಲ್ಲಗೆ ಕೇಳಿದರು: "ನಾಡಿ ಹ್ಯಾಂಗೈತ್ರಿ ನಂದು?"

೪. ಕಣ್ಣಾರೆ ಕಂಡ ಸಾಕ್ಷಿ

ಕೊನೆಗೆ ಸಿಕ್ಕವನು ಮದುವೆ ವಿಡಿಯೋ ತೆಗೆಯುವವನು. ಆಷಾಢದಲ್ಲಿ ಮದುವೆ ಇಲ್ಲ, ಕೈ ಕಡಿಯುತ್ತದೆಂದು ಸೆಮಿಫೈನಲ್ ಪೂರಾ ಚಿತ್ರೀಕರಿಸಿದ್ದ. ಶನಿವಾರ ಸಂಜೆ ಅವನ ಸ್ಟುಡಿಯೋದಲ್ಲಿ ಎಲ್ಲರನ್ನೂ ಕೂಡಿಸಿದೆ.

"ಮಾಸ್ತರ, ಮೊದಲ ಚೆಂಡು ಮುಟ್ಟಿದ್ದು ಕಂಡ್ರ ಕಾರ್ಡ್ ವಾಪಸ್ ತಗೋತೀರಿ?"

"ಕಂಡ್ರ ತಗೋತೀನಿ. ನಾಳೆ ಆಡ್ಲಿ." ಅಳಿಯ ಕುರ್ಚಿ ಮುಂದೆ ಎಳೆದುಕೊಂಡ.

ಪರದೆಯ ಮೇಲೆ ಶಹನಾಯಿ ಶುರುವಾಯಿತು. ಅಳಿಯನೂ ಆ ಫಾರ್ವರ್ಡನೂ ಹೃದಯದಾಕಾರದ ಚೌಕಟ್ಟಿನೊಳಗೆ ನಿಧಾನವಾಗಿ ಒಬ್ಬರ ಕಡೆಗೊಬ್ಬರು ಬಂದರು. ಮೇಲಿಂದ ಗುಲಾಬಿ ಪಕಳೆ ಉದುರಿದವು. ಸರಿಯಾಗಿ ಟ್ಯಾಕಲ್ ಆಗುವ ಹೊತ್ತಿಗೆ ಒಂದು ಜೋಡಿ ಪಾರಿವಾಳ ಅಡ್ಡ ಹಾರಿತು.

"ಆ ಹಕ್ಕಿ ತಗೀಲೇ," ಅಂದೆ.

"ರೂಢಿ ಆಗೈತ್ರಿ," ಎಂದು ಅವನು ಹಕ್ಕಿ, ಹೂವು, ಚೌಕಟ್ಟು ಎಲ್ಲ ತೆಗೆದ. ಎಲ್ಲರೂ ಬಗ್ಗಿ ನೋಡಿದೆವು. ಕಾಲು ಕಂಡಿತು, ಕೆಸರು ಕಂಡಿತು. ಚೆಂಡು ಕಾಣಲಿಲ್ಲ.

"ಚೆಂಡೆಲ್ಲೈತಿ?" ಅಂದರು ಮಾಸ್ತರು. ಅವನು ಚಿತ್ರ ಸಣ್ಣದು ಮಾಡಿ ಇಡೀ ಮೈದಾನ ತೋರಿಸಿದ. ಗೆರೆಯ ಆಚೆ ನಾನು ನಿಂತು, ಪಕ್ಕದವರಿಗೆ ಥ್ರೋ ಹೇಗೆ ಎಸೆಯಬೇಕೆಂಬ ನಿಯಮ ವಿವರಿಸುತ್ತಿದ್ದೆ. ಹೊರಗೆ ಬಂದಿದ್ದ ಚೆಂಡು ನನ್ನ ಬಗಲಲ್ಲಿತ್ತು.

ಮಾಸ್ತರು ನನ್ನ ಕಡೆ ತಿರುಗಿದರು. "ಕಾಕಾರ, ನಿಮ್ಮ ಅಳಿಯ ಚೆಂಡಿಗೇ ಹೋಗಿದ್ದಂದ್ರ, ನಿಮ್ಮನ್ನ ಒದಿಬೇಕಿತ್ತು."

ಅಳಿಯ ಬಲಗಾಲಿನ ಪ್ಯಾಂಟು ಮೇಲೆ ಮಡಚಿಕೊಂಡ. ಆಮೇಲೆ ವಿನಯದಿಂದ ಕೇಳಿದ: "ಸರ, ಈಗ ಒದ್ರ ನಡೀತೈತೇನ್ರಿ?"

ಮಾಸ್ತರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಮೈದಾನದ ಹೊರಗ ನಾ ಕಾರ್ಡ್ ಕೊಡೂದಿಲ್ಲಪಾ."