ಮೂರು ಸಲ ಮದುವೆ ತಪ್ಪಿಸಿದ ಮಿಂಚುಳ್ಳಿ

"ಇವತ್ತು ಆ ಎಂಬುವಾಸ್ ಹಕ್ಕೀನ ಕಣ್ಣಾರೆ ನೋಡದೆ ಒಂದು ಅಗುಳು ಮುಟ್ಟಿದ್ರೆ ನಾನು ಎನ್ಸಿರಿಂಗೇ ಅಲ್ಲ!"

ಸುಗ್ಗಿ ಹಬ್ಬಕ್ಕೆಂದು ಹೆಂಡತಿಯ ತವರಿಗೆ ಬಂದಿದ್ದ ಅರವತ್ತೆಂಟರ ಎನ್ಸಿರಿಂಗ್, ಕಂಬಗಳ ಮೇಲೆ ಒಂದೇ ಸೂರಿನಡಿ ನಿಂತ ಉದ್ದಮನೆಯ ಇಪ್ಪತ್ತು ಸಂಸಾರಕ್ಕೂ ಕೇಳುವಂತೆ ಘೋಷಿಸಿದ.

"ಹಾಗಾದ್ರೆ ಸೆಂಡಿಯ ಅಪ್ಪಾ, ನಿಮ್ಮ ಪಾಲಿನ ಅನ್ನ ಕೋಳಿಗೆ ಹಾಕ್ಬಿಡ್ಲಾ?" ಎಂದಳು ಹೆಂಡತಿ ಮೆಂಗನ್.

ಎಂಬುವಾಸ್ ಎಂದರೆ ಶಕುನದ ಮಿಂಚುಳ್ಳಿ. ಶುಭಕಾರ್ಯಕ್ಕೆ ಹೊರಟವರಿಗೆ ಅದರ ಸಿಳ್ಳೆ ಕೇಳಿಸಿತೋ, ಬಂದ ದಾರಿಗೆ ಸುಂಕವಿಲ್ಲ! ನಲವತ್ತೈದು ವರ್ಷದ ಹಿಂದೆ ಎನ್ಸಿರಿಂಗ್ ಹಿರಿಯರ ದಂಡು ಕಟ್ಟಿಕೊಂಡು ಮೆಂಗನ್‌ಳನ್ನು ಕೇಳಲು ಬಂದಾಗ ಅದು ಇದೇ ಊರ ಗುಡ್ಡದಲ್ಲಿ ಕೂಗಿತ್ತು. ಒಂದಲ್ಲ, ಮೂರು ಸಲ! ಮೂರು ಸಲವೂ ದಂಡು ಹಿಮ್ಮೆಟ್ಟಿ, ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಕೇಳಿದ್ದನೇ ಹೊರತು ಅವನು ಆ ಹಕ್ಕಿಯನ್ನು ಕಂಡವನಲ್ಲ. ಸಾಯುವುದರೊಳಗೆ ಒಮ್ಮೆ ಆ ವೈರಿಯ ಮುಖ ನೋಡಲೇಬೇಕಿತ್ತು.

ಗುಡ್ಡ ಹತ್ತಿ, ತೊರೆಯ ಪಕ್ಕ ಎರಡು ಗಂಟೆ ತಪಸ್ಸು ಮಾಡಿದ. ಜಿಗಣೆಗಳಿಗೆ ಹಬ್ಬದೂಟವಾಯಿತು.

"ನೀರಿನ ಹತ್ರ ಯಾಕೆ ಕೂತ್ರಿ? ಅದು ಮೀನು ಹಿಡಿಯಲ್ಲ, ಹುಳ ಹಿಡಿಯೋದು. ವೈರಿ ಏನು ತಿನ್ತಾನೆ ಅಂತಾನೂ ಗೊತ್ತಿಲ್ವಾ?" ಎಂದಳು ಹಿಂದೆಯೇ ಬಂದಿದ್ದ ಮೆಂಗನ್.

ರೋಷಗೊಂಡ ಎನ್ಸಿರಿಂಗ್ ತಾನೇ ಸಿಳ್ಳೆ ಹೊಡೆದ. ಉದುರಿದ ಹಲ್ಲಿನ ಸಂದಿಯಿಂದ ಹೊರಟ ಆ ದಿವ್ಯನಾದಕ್ಕೆ ಓಡಿಬಂದದ್ದು ಊರಿನ ಮೂರು ಬೇಟೆನಾಯಿಗಳು! ಪ್ರೀತಿಯಿಂದ ಮೈಮೇಲೆ ಹಾರಿ ಅವನನ್ನು ತೊರೆಗೇ ಕೆಡವಿದವು.

ಮೆಂಗನ್ ನಿಟ್ಟುಸಿರು ಬಿಟ್ಟು, ನಾಯಿಗಳನ್ನು ಗದರಿ ಅಟ್ಟಿ, ತುಟಿ ಮುಂದೆ ಮಾಡಿದಳು. ಉದ್ದನೆಯದೊಂದು ಸಿಳ್ಳೆ, ಆಮೇಲೆ ನಿಧಾನವಾಗಿ ಇಳಿಯುವ ಹತ್ತಾರು ಸ್ವರ. ಮೇಲಿನ ಕೊಂಬೆಯಿಂದ ಅದೇ ಸಿಳ್ಳೆ ಮರಳಿ ಬಂತು!

ಕೆಂಪು ಕೊಕ್ಕು. ಬೆನ್ನಿನ ಮೇಲೆ ನೀಲಿ, ಕಪ್ಪು ಪಟ್ಟೆ. ತಲೆಯ ಮೇಲಿನ ನೀಲಿ ಜುಟ್ಟು ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಕೂರುತ್ತಿತ್ತು. ಎನ್ಸಿರಿಂಗನಿಗೆ ವೈರವೆಲ್ಲ ಮರೆತುಹೋಯಿತು. ಈಗಿಲ್ಲದ ಅಪ್ಪ, ಚಿಕ್ಕಪ್ಪಂದಿರು ಹೊಸ ಬಟ್ಟೆಯುಟ್ಟು ಇದೇ ದಾರಿಯಲ್ಲಿ ಮುಂದೆ ಮುಂದೆ ನಡೆದಂತಾಯಿತು. ಕಣ್ಣು ತುಂಬಿ ಬಂತು.

ಆಮೇಲೆ ತಲೆಯೂ ಓಡಿತು.

"ಈ ಸಿಳ್ಳೆ ಎಲ್ಲಿ ಕಲಿತೆ?"

"ಇಲ್ಲೇ. ಆ ವರ್ಷ."

"ಮೂರು ಸಲವೂ ನೀನೇನಾ?!"

"ಇನ್ನೂ ಒಳ್ಳೆ ಗಂಡು ಬರಬಹುದು ಅಂತ ಕಾದೆ ಕಣ್ರೀ."

ಎನ್ಸಿರಿಂಗ್ ಉಳಿದ ಮಾನವನ್ನೆಲ್ಲ ಬಾಚಿಕೊಂಡು ಕೇಳಿದ: "ನಾಲ್ಕನೇ ಸಲ ಮನಸ್ಸು ಕರಗಿತು, ಅಲ್ವಾ?"

"ಎಲ್ಲಿ ಕರಗಿತು! ಬಾಯ್ತುಂಬ ಎಲೆಯಡಿಕೆ ಇತ್ತು. ಉಗಿದು ಬರೋಷ್ಟರಲ್ಲಿ ನೀವು ನಮ್ಮ ಮನೆ ಏಣಿ ಹತ್ತಿಬಿಟ್ಟಿದ್ರಿ!"