ದುರ್ಗಿಯ ಇಪ್ಪತ್ತನಾಲ್ಕು ಪಾಯಿಂಟುಗಳು

ಇಪ್ಪತ್ತೆರಡು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವನಿಗೆ ಬೇರೇನು ಬರದಿದ್ದರೂ ರಜೆಯ ಲೆಕ್ಕ ಬರುತ್ತದೆ. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ಪರೀಕ್ಷಿಸುವ ವಿಭಾಗದವನು ನಾನು. ಬೋಲ್ಟಿನ ವಿಷಯದಲ್ಲಿ ಎಡವಬಹುದು, ರಜೆಯ ವಿಷಯದಲ್ಲಿ ಎಡವುವವನಲ್ಲ. ಆ ಡಿಸೆಂಬರಿನವರೆಗೆ ಹೀಗೆಂದು ಬಲವಾಗಿ ನಂಬಿದ್ದೆ.

ತಿಳಿಯದವರಿಗಾಗಿ ಹೇಳಿಬಿಡುತ್ತೇನೆ. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ರಜೆ. ಸಿ.ಎಲ್. ಎಂಬುದು ಸಣ್ಣ ರಜೆ. ವರ್ಷಕ್ಕೆ ಇಷ್ಟು ಎಂದು ಕೊಡುತ್ತಾರೆ, ಡಿಸೆಂಬರ್ ಮೂವತ್ತೊಂದರೊಳಗೆ ಬಳಸದಿದ್ದರೆ ಸತ್ತುಹೋಗುತ್ತದೆ. ನಾವು ಅದನ್ನು ‘ಲ್ಯಾಪ್ಸ್’ ಎನ್ನುತ್ತೇವೆ, ದನಿ ತಗ್ಗಿಸಿ. ಇ.ಎಲ್. ಎಂಬುದು ದುಡಿದು ಗಳಿಸಿದ ರಜೆ. ಅದು ಸಾಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ನನ್ನ ಹೆಸರಿನಲ್ಲಿ ಇನ್ನೂರ ಹತ್ತು ಇ.ಎಲ್. ಇದ್ದವು. ವರ್ಷಗಳಿಂದ ಒಂದನ್ನೂ ಮುಟ್ಟಿರಲಿಲ್ಲ. ಹುಬ್ಬಳ್ಳಿಯ ತನ್ನ ತಂಗಿಯ ಮನೆಗೆ ಹೋಗಿ ಹದಿನೈದು ದಿನ ಇದ್ದು ಬರೋಣವೆಂದು ಹೆಂಡತಿ ಶಕುಂತಲಾ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ.

“ಇ.ಎಲ್. ಅಂದ್ರ ಕಷ್ಟಕಾಲಕ್ಕ ಇಟ್ಕೊಳ್ಳೋದು. ಮುಂದ ಏನ್ ಬರ್ತೈತೋ ಯಾರಿಗ್ಗೊತ್ತು?”

“ಬರೋದೆಲ್ಲಾ ಬಂದ್ ಹೋತ್ರಿ. ತಂಗಿ ಮದವಿ ಆತು, ಬಾಣಂತನ ಆತು, ಆ ಕೂಸು ಈಗ ಸಾಲಿಗೆ ಹೊಂಟೈತಿ. ನಿಮ್ಮ ಇ.ಎಲ್. ಮಾತ್ರ ಉಪ್ಪಿನಕಾಯಿ ಭರಣಿಯೊಳಗ ಕುಂತಾವು,” ಎನ್ನುತ್ತಿದ್ದಳು ಅವಳು.

ಆ ವರ್ಷ ನನ್ನ ಆರು ಸಿ.ಎಲ್. ಉಳಿದಿದ್ದವು. ಎಲ್ಲರಂತೆ ನಾನೂ ಡಿಸೆಂಬರಿನ ಕೊನೆಯ ವಾರ ಒಟ್ಟಿಗೆ ಹಾಕಿ ತಾರ್ನಾಕದ ಮನೆಯಲ್ಲಿ ಕೂತೆ. ಸಮಸ್ಯೆ ಶುರುವಾದದ್ದು ಅಲ್ಲಿಂದ. ಕೂರುವುದೊಂದೇ ಕೆಲಸವಾದರೆ ಮನುಷ್ಯ ಏನಾದರೂ ಒಳ್ಳೆಯದು ಮಾಡಲು ಹೊರಡುತ್ತಾನೆ.

ನಮ್ಮ ಮಗಳು ವೀಣಾ ಆಗ ಬಿ.ಎಸ್ಸಿ. ಎರಡನೆಯ ವರ್ಷ. ಓದಿಗೆಂದು ತಂದ ಕಂಪ್ಯೂಟರಿನಲ್ಲಿ ಅವಳು ಒಂದು ವರ್ಷದಿಂದ ಒಂದು ಆಟ ಆಡುತ್ತಿದ್ದಳು. ಅದರಲ್ಲಿ ನಮ್ಮದೊಂದು ಪಾತ್ರ ಇರುತ್ತದೆ. ಅದು ಕಾಡು ಮೇಡು ಅಲೆಯುತ್ತದೆ, ರಾಕ್ಷಸರನ್ನು ಹೊಡೆಯುತ್ತದೆ. ಗೆದ್ದಾಗಲೆಲ್ಲ ಒಂದೊಂದು ಪಾಯಿಂಟ್ ಸಿಗುತ್ತದೆ. ಆ ಪಾಯಿಂಟನ್ನು ಯಾವುದಾದರೂ ವಿದ್ಯೆಗೆ ಹಾಕಿದರೆ ಪಾತ್ರ ಅದನ್ನು ಕಲಿಯುತ್ತದೆ, ಮತ್ತೆ ಮತ್ತೆ ಹಾಕಿದರೆ ಪಳಗುತ್ತದೆ. ಕತ್ತಿ, ಬಿಲ್ಲು, ಬೆಂಕಿಯ ಮಂತ್ರ, ಗಾಯ ಮಾಯಿಸುವುದು, ಹೀಗೆ ಇಪ್ಪತ್ತೈದು ವಿದ್ಯೆಗಳು. ಒಮ್ಮೆ ಹಾಕಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ.

ವೀಣಾಳ ಪಾತ್ರದ ಹೆಸರು ದುರ್ಗಿ. ಆಳೆತ್ತರದ ಹೆಣ್ಣು, ಕೈಯಲ್ಲಿ ಉದ್ದನೆಯ ಕತ್ತಿ. ವೀಣಾಳ ಮೂವರು ಗೆಳತಿಯರೂ ಅದೇ ಆಟ ಆಡುತ್ತಿದ್ದರು. ಅವರ ಪಾತ್ರಗಳು ಒಂದೊಂದು ವಿದ್ಯೆಯಲ್ಲೇ ಪಂಡಿತರು. ದುರ್ಗಿ ಮಾತ್ರ ಬೇರೆ. ವೀಣಾ ಅವಳಿಗೆ ಕತ್ತಿಯೊಂದನ್ನು ಕಲಿಸಿ, ಆಮೇಲೆ ಗಳಿಸಿದ ಇಪ್ಪತ್ತನಾಲ್ಕು ಪಾಯಿಂಟುಗಳನ್ನು ಹಾಗೇ ಇಟ್ಟಿದ್ದಳು.

“ಹಾಕಿಬಿಡವಾ, ಯಾಕ ಹಂಗ ಇಟ್ಟೀ?” ಎಂದು ನಾನು ಒಮ್ಮೆ ಕೇಳಿದ್ದೆ.

“ಕೊನೀ ರಾಕ್ಷಸ ಹೆಂಗ ಇರ್ತಾನಂತ ಯಾರಿಗೂ ಗೊತ್ತಿಲ್ಲಪ್ಪಾ. ಅಲ್ಲಿ ಹೋದ ಮ್ಯಾಲೆ ಯಾರಿಗೆ ಏನ್ ಕಮ್ಮಿ ಬೀಳ್ತೈತಿ ನೋಡಿ, ಆವಾಗ ನಾ ಅದನ್ನ ಕಲೀತೀನಿ. ಅದ ನನ್ನ ಕೆಲಸ.”

ಇಲ್ಲಿ ಒಂದು ಮಾತು ಹೇಳಬೇಕು. ವೀಣಾ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಹುಡುಗಿ. ಮೇಷ್ಟರು ಹೆಸರು ಕರೆದರೆ ಅವಳ ‘ಪ್ರೆಸೆಂಟ್’ ಅವಳಿಗೇ ಕೇಳಿಸುತ್ತಿರಲಿಲ್ಲ. ಆದರೆ ಈ ಆಟದ ಮಾತಿಗೆ ಗೆಳತಿಯರು ಫೋನ್ ಮಾಡಿ ಅವಳ ಸಲಹೆ ಕೇಳುತ್ತಿದ್ದರು. ಅವಳು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದಳು. ಅಡುಗೆಮನೆಯಲ್ಲಿ ನಾನೂ ಶಕುಂತಲಾಳೂ ಸುಮ್ಮನೆ ನಿಂತು ಕೇಳುತ್ತಿದ್ದೆವು. ನಮಗೆ ಸಂತೋಷವಾಗುತ್ತಿತ್ತು.

ಜನವರಿ ಎರಡು, ಭಾನುವಾರ, ಹಿಮಾಯತ್‌ನಗರದಲ್ಲಿರುವ ಗೆಳತಿ ಶಿರೀನ್ ಮನೆಯಲ್ಲಿ ನಾಲ್ಕೂ ಕಂಪ್ಯೂಟರ್ ಜೋಡಿಸಿ ಕೊನೆಯ ರಾಕ್ಷಸನ ಮೇಲೆ ದಂಡೆತ್ತಿ ಹೋಗುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮುಂಚೆ ವೀಣಾ ಗುಲಬರ್ಗಾದಲ್ಲಿ ಸೋದರತ್ತೆಯ ಮಗಳ ನಿಶ್ಚಿತಾರ್ಥಕ್ಕೆ ಹೊರಟಳು. ಹೊರಡುವಾಗ ನನಗೊಂದು ಕೆಲಸ ವಹಿಸಿದಳು.

“ಅಪ್ಪಾ, ಹೆಂಗೂ ಮನ್ಯಾಗ ಇರ್ತೀ. ದುರ್ಗೀನ ದಿನಾ ಒಂದ್ ತಾಸು ಕಾಡಿನ್ಯಾಗ ತಿರುಗಿಸಿ ಔಷಧದ ಸೊಪ್ಪು ಕೀಳಸು. ಜಗಳಕ್ಕ ಕಳಸಬ್ಯಾಡ. ಪಾಯಿಂಟ್ಸ್ ಅಂತೂ ಮುಟ್ಟಲೇ ಬ್ಯಾಡ.”

“ನನಗೇನ್ ತಿಳಿಯಂಗಿಲ್ಲೇನವಾ?” ಎಂದೆ. ಇದು ನನ್ನ ಬಾಯಿಂದಲೇ ಬಂದ ಮಾತು.

ಮೊದಲ ದಿನಗಳು ಸೊಗಸಾಗಿ ಕಳೆದವು. ಕಾರ್ಖಾನೆಯ ಶಿಸ್ತಿನಲ್ಲಿ ಒಂಬತ್ತಕ್ಕೆ ಕೂತು ಸೊಪ್ಪು ಕಿತ್ತೆ. ನೂರ ನಲವತ್ತು ಕಟ್ಟು! ಪ್ರತಿ ಹೆಜ್ಜೆಗೂ ‘ಸೇವ್’ ಒತ್ತಿದೆ. ಹಳೆಯದರ ಮೇಲೇ ಹೊಸದು ಕೂರುತ್ತದೆ, ಹಿಂದಕ್ಕೆ ಹೋಗುವ ದಾರಿ ಇಲ್ಲ ಎಂಬುದು ಆಗ ನನಗೆ ಒಂದು ಗುಣವಾಗಿ ಕಂಡಿತ್ತು.

ಮೂವತ್ತೊಂದರ ಮಧ್ಯಾಹ್ನ ಮೂರೂವರೆ. ಪರದೆಯ ಮೂಲೆಯಲ್ಲಿ ‘ಬಳಸದ ಪಾಯಿಂಟುಗಳು: 24’ ಎಂಬ ಕೆಂಪಕ್ಷರ ಮಿಣುಕುತ್ತಿತ್ತು. ಅದು ಒಂದು ವಾರದಿಂದಲೂ ಮಿಣುಕುತ್ತಿತ್ತು. ಆದರೆ ಅಂದು ಡಿಸೆಂಬರ್ ಮೂವತ್ತೊಂದು! ಇಪ್ಪತ್ತೆರಡು ವರ್ಷದಿಂದ ರಜೆಯ ರಿಜಿಸ್ಟರಿನಲ್ಲಿ ಕೆಂಪಕ್ಷರ ಕಂಡಾಗ ನನಗೆ ಆಗುವುದೇ ಅಂದೂ ಆಯಿತು. ಇಂದೇ ಖರ್ಚು ಮಾಡಿಬಿಡಬೇಕೆಂದು ಕೈ ತುರಿಸಿತು.

“ಶಕ್ಕೂ, ಇವು ಇವತ್ತ ಲ್ಯಾಪ್ಸ್ ಆಗ್ತಾವು.”

“ಆಕಿ ಮುಟ್ಟಬ್ಯಾಡ ಅಂದಾಳ. ಮುಟ್ಟಬ್ಯಾಡ್ರಿ,” ಎಂದಳು ಶಕುಂತಲಾ, ಮೆಂತ್ಯದ ಸೊಪ್ಪು ಬಿಡಿಸುತ್ತಾ.

“ಆಕಿ ಸಣ್ಣಾಕಿ. ನೌಕರಿ ಮಾಡ್ಯಾಳೇನು? ಒಂದು ವರ್ಷದ ಗಳಿಕಿ ಹೋದ ಮ್ಯಾಲೆ ಅತ್ತರ ಏನ್ ಬಂತು?”

“ಹಂಗಾದ್ರ ಫೋನ್ ಹಚ್ಚಿ ಕೇಳ್ರಿ.”

ಹಚ್ಚಿದೆ. ಎಲ್ಲರೂ ಸೀರೆ ತರಲು ಬಜಾರಿಗೆ ಹೋಗಿದ್ದಾರೆ ಎಂದಿತು ಗುಲಬರ್ಗಾ. ಗಡಿಯಾರ ನಾಲ್ಕಾಯಿತು. ನಮ್ಮ ಕಾರ್ಖಾನೆಯಲ್ಲಿ ನಾಲ್ಕೂವರೆಗೆ ರಿಜಿಸ್ಟರ್ ಮುಚ್ಚುತ್ತಾರೆ. ಆಟದವರೂ ಹಾಗೇ ಮಾಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ, ಆದರೆ ಮಾಡುವುದಿಲ್ಲವೆಂದೂ ಯಾರೂ ಹೇಳಿರಲಿಲ್ಲ.

ಹಂಚುವುದೆಂದು ತೀರ್ಮಾನವಾಯಿತು. ಹೇಗೆ ಹಂಚುವುದು? ಒಬ್ಬರಿಗೆ ಹೆಚ್ಚು ಕೊಟ್ಟರೆ ಉಳಿದವರು ಯೂನಿಯನ್ನಿಗೆ ಹೋಗುತ್ತಾರೆ. ಕತ್ತಿ ಬಿಟ್ಟು ಉಳಿದ ವಿದ್ಯೆಗಳು ಇಪ್ಪತ್ತನಾಲ್ಕು, ಪಾಯಿಂಟುಗಳೂ ಇಪ್ಪತ್ತನಾಲ್ಕು! ಇದು ದೈವಸಂಕಲ್ಪವೆನಿಸಿತು. ತಲೆಗೊಂದರಂತೆ ಕೊಟ್ಟೆ. ಬಿಲ್ಲಿಗೊಂದು, ಬೆಂಕಿಗೊಂದು, ಗಾಯ ಮಾಯಿಸುವುದಕ್ಕೊಂದು, ಈಜಿಗೊಂದು, ಅಡುಗೆಗೊಂದು, ಮೀನು ಹಿಡಿಯುವುದಕ್ಕೊಂದು, ಕೊಳಲಿಗೊಂದು, ಕುದುರೆಯ ಜೊತೆ ಮಾತಾಡುವುದಕ್ಕೂ ಒಂದು. ನಾಲ್ಕು ಇಪ್ಪತ್ತೆರಡಕ್ಕೆ ಕೆಲಸ ಮುಗಿಸಿ ‘ಸೇವ್’ ಒತ್ತಿದೆ. ಎಂಟು ನಿಮಿಷ ಕೈಯಲ್ಲಿತ್ತು.

ಮರುದಿನ ಬೆಳಿಗ್ಗೆ ಹೊಸ ವರ್ಷದ ದುರ್ಗಿಯನ್ನು ಕಾಡಿಗೆ ಬಿಟ್ಟೆ. ಸೊಪ್ಪು ಕೀಳುವಾಗ ಒಂದು ಪುಟ್ಟ ರಾಕ್ಷಸ ಬಂದ. ಬೆಂಕಿಯ ಮಂತ್ರ ಹಾಕಿಸಿದೆ. ಒಲೆ ಹಚ್ಚುವಷ್ಟು ಕಿಡಿ ಬಂತು. ಬಾಣ ಬಿಡಿಸಿದೆ. ಅವಳ ಕಾಲ ಬಳಿಯೇ ಬಿತ್ತು. ಕೊನೆಗೆ ಕತ್ತಿಯಿಂದ ಬದುಕಿದಳು. ಒಂದೇ ಒಂದು ಪಾಯಿಂಟಿನ ವಿದ್ಯೆ ವಿದ್ಯೆಯೇ ಅಲ್ಲ ಎಂಬುದು ತಿಳಿದದ್ದು ಆಗ.

ಇಲ್ಲಿಗೆ ಕೈ ಬಿಟ್ಟಿದ್ದರೆ ಅರ್ಧ ಪಾಪವಾದರೂ ತಪ್ಪುತ್ತಿತ್ತು. ನಾನು ಸರಿಪಡಿಸಲು ಹೊರಟೆ! ಆಟದ ಊರಿನ ಮರದ ಕೆಳಗೆ ಒಬ್ಬ ಮುನಿ ಕೂತಿದ್ದ. ‘ಕಲಿತದ್ದನ್ನು ಮರೆಸುತ್ತೇನೆ’ ಎಂದು ಅವನ ತಲೆಯ ಮೇಲೆ ಬರೆದಿತ್ತು. ಮರೆಸಿದರೆ ಪಾಯಿಂಟು ವಾಪಸ್ ಬರಲೇಬೇಕಲ್ಲ ಎಂದುಕೊಂಡೆ. ಕೆಳಗೆ ಇಂಗ್ಲಿಷಿನಲ್ಲಿ ಎಂಟು ಸಾಲು ಷರತ್ತು. ಕಚೇರಿಯಲ್ಲಿ ಷರತ್ತು ಓದಿ ಸಹಿ ಮಾಡಿದ ಅಭ್ಯಾಸ ನನಗಿಲ್ಲ. ಮುನಿ ಪಟ್ಟಿ ತೋರಿಸಿದ. ಮೊದಲ ಸಾಲು ತಾನಾಗಿಯೇ ಆಯ್ಕೆಯಾಗಿತ್ತು. ‘ಹೌದು’ ಒತ್ತಿದೆ.

ಮೊದಲ ಸಾಲು ಕತ್ತಿಯದ್ದು.

ಮುನಿ ಆಶೀರ್ವಾದ ಮಾಡಿ ಮಾಯವಾದ. ಪಾಯಿಂಟು ಒಂದೂ ಬರಲಿಲ್ಲ. ಕತ್ತಿ ಹಿಡಿಯುವುದು ಮರೆತ ದುರ್ಗಿ ಅದನ್ನು ನೆಲಕ್ಕೆ ಹಾಕಿದಳು. ಅವಳ ಕೈಗೆ ಏನು ಕೊಟ್ಟರೂ ನಿಲ್ಲಲಿಲ್ಲ, ಮೀನಿನ ಗಾಳವೊಂದು ನಿಂತಿತು. ಕೈ ಅಭ್ಯಾಸಬಲದಿಂದ ‘ಸೇವ್’ ಒತ್ತಿತ್ತು.

“ಏನಾತ್ರಿ? ಯಾಕ ಹಂಗ ಕುಂತೀರಿ?” ಎಂದಳು ಶಕುಂತಲಾ.

“ಶಕ್ಕೂ, ದುರ್ಗಿ ಮೀನ್ ಹಿಡಿಯಾಕತ್ತಾಳ.”

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. “ಮಗಳಿಗೆ ನೀವ ಹೇಳ್ರಿ. ನಾ ಹೇಳಂಗಿಲ್ಲ,” ಎಂದು ಒಳಗೆ ಹೋದಳು.

ವೀಣಾ ಸಂಜೆ ಬಂದಳು. ಊಟಕ್ಕೆ ಕೂತಾಗ ಹೇಳಬೇಕೆಂದಿದ್ದೆ. ಅವಳು ಗುಲಬರ್ಗಾದ ಸುದ್ದಿ ಹೇಳುತ್ತಾ ನಗುತ್ತಿದ್ದಳು. ಹೇಳಲಾಗಲಿಲ್ಲ. ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿಯನ್ನು ಹಳೆ ಚಾದರದಲ್ಲಿ ಸುತ್ತಿ ಸ್ಕೂಟರಿನಲ್ಲಿ ನನ್ನ ಕಾಲುಗಳ ನಡುವೆ ಇಟ್ಟುಕೊಂಡೆ. ವೀಣಾ ಹಿಂದೆ ಕೂತಳು. ವಿದ್ಯಾನಗರದಲ್ಲಿ ಹೇಳೋಣವೆಂದುಕೊಂಡೆ, ಅಲ್ಲಿ ಗುಂಡಿಗಳಿದ್ದವು. ನಾರಾಯಣಗುಡದ ಸಿಗ್ನಲ್ಲಿನಲ್ಲಿ ತಿರುಗಿ “ವೀಣಾ, ಒಂದ್ ಮಾತು...” ಎಂದೆ. ದೀಪ ಹಸಿರಾಯಿತು. ನನಗೆ ಹಾಯೆನಿಸಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಶಿರೀನ್ ಮನೆಯಲ್ಲಿ ನಾಲ್ಕು ಕಂಪ್ಯೂಟರ್ ಜೋಡಣೆಯಾಯಿತು. ನಾನು ಮೂಲೆಯ ಕುರ್ಚಿಯಲ್ಲಿ ಚಹಾ ಹಿಡಿದು ಕೂತೆ. ಪರದೆಯ ಮೇಲೆ ಮೊದಲು ಮೂಡಿದವಳೇ ದುರ್ಗಿ, ಗಾಳ ಹಿಡಿದು. ವೀಣಾಳ ಕೈ ನಿಂತಿತು. ಪಟ್ಟಿ ತೆರೆದು ಮೇಲಿನಿಂದ ಕೆಳಗೆ ಓದಿದಳು. ಬಹಳ ಹೊತ್ತು ಓದಿದಳು.

“ಅಪ್ಪಾ?”

“ಮೂವತ್ತೊಂದನೇ ತಾರೀಖು ಇತ್ತವಾ,” ಎಂದೆ. “ಲ್ಯಾಪ್ಸ್ ಆಗ್ತಾವಂತ ಹಂಚಿದೆ.”

ಗೆಳತಿಯರಿಗೆ ಲ್ಯಾಪ್ಸ್ ಎಂದರೇನೆಂದು ನಾನೇ ವಿವರಿಸಬೇಕಾಯಿತು. ನನ್ನ ಹಿಂದಿಯಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಶಿರೀನ್ ತಲೆಯ ಮೇಲೆ ಕೈಯಿಟ್ಟುಕೊಂಡು, “ಐಸಾ ಕಾಯ್ಕು ಕರೆ ಅಂಕಲ್ ಆಪ್?” ಎಂದಳು. ಹೀಗೇಕೆ ಮಾಡಿದಿರಿ ಎಂದು ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಬೈದಿರಲಿಲ್ಲ.

ಆದರೂ ಹೋದರು. ಕೊನೆಯ ರಾಕ್ಷಸನ ಉಸಿರಿನಲ್ಲಿ ವಿಷ. ಮೂವರು ಪಂಡಿತರೂ ಹೊಡೆದರು, ಹೊಡೆದಷ್ಟೇ ವೇಗದಲ್ಲಿ ಬಾಡತೊಡಗಿದರು. ಬೇಕಾಗಿದ್ದುದು ಒಂದೇ, ಗಾಯ ಮಾಯಿಸುವ ವಿದ್ಯೆ, ಹತ್ತು ಹನ್ನೆರಡು ಪಾಯಿಂಟಿನದ್ದು. ಇದಕ್ಕೇ ವೀಣಾ ಒಂದು ವರ್ಷ ಕಾದಿದ್ದಳು. ಅವಳು ತನ್ನ ಒಂದು ಪಾಯಿಂಟಿನ ಮದ್ದು ಹಚ್ಚಿದಳು. ಶಿರೀನ್‌ಳ ಪಾತ್ರದ ಮೊಣಕೈ ವಾಸಿಯಾಯಿತು. ಉಳಿದ ಮೈಯೆಲ್ಲ ಸತ್ತುಹೋಯಿತು.

ಮೂವರೂ ಬಿದ್ದರು. ದುರ್ಗಿ ಪಕ್ಕದಲ್ಲಿದ್ದ ನೀರು ತುಂಬಿದ ಕಂದಕಕ್ಕೆ ಹಾರಿ ಈಜಿ ಆಚೆ ದಡ ಸೇರಿದಳು, ನಾನು ಈಜಿಗೂ ಒಂದು ಹಾಕಿದ್ದೆನಲ್ಲ. ಅಲ್ಲಿ ಒಬ್ಬಳೇ ಕೂತು ಗಾಳ ಹಾಕಿದಳು. ‘ಮೀನು: 1’ ಎಂದಿತು ಪರದೆ. ಯಾರೂ ನಗಲಿಲ್ಲ. ಇನ್ನೆರಡು ಸಲ ಹೋಗಿ ಇನ್ನೆರಡು ಸಲ ಸೋತರು. ಮೂರನೆಯ ಸಲ ಗೆಳತಿಯರು ವೀಣಾಳನ್ನು ಏನೂ ಕೇಳಲಿಲ್ಲ, ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅವಳು ಮೆಲ್ಲಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು. ಹಿಂದಿನ ಬೆಂಚಿಗೆ ಅವಳನ್ನು ವಾಪಸ್ ಕೂರಿಸಿದವನು ನಾನು. ನನಗೆ ಅಲ್ಲಿಯೇ ಅಳು ಬಂತು, ಚಹಾ ಕುಡಿದೆ.

ವಾಪಸ್ ಬರುವಾಗ ನಾರಾಯಣಗುಡದ ಅದೇ ಸಿಗ್ನಲ್. ಈ ಸಲ ಕೆಂಪು ದೀಪ ಬಹಳ ಹೊತ್ತು ನಿಂತಿತು.

“ತಪ್ಪಾತವಾ,” ಎಂದೆ. “ಸಿ.ಎಲ್. ಇದ್ದಂಗ ಅಂತ ತಿಳಕೊಂಡೆ.”

ಹಿಂದಿನಿಂದ ಸಣ್ಣ ದನಿ ಬಂತು. “ಅವು ಸಿ.ಎಲ್. ಅಲ್ಲಪ್ಪಾ. ಇ.ಎಲ್. ಇದ್ವು.”

ಇನ್ನೂರ ಹತ್ತು ಇ.ಎಲ್. ಇಟ್ಟುಕೊಂಡವನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದೆ ಏನು ಬರುತ್ತದೋ ಎಂದು ಕಾಯುವುದು ಅವಳು ಎಲ್ಲಿ ಕಲಿತಳೆಂದು ಆಗ ಹೊಳೆಯಿತು. ನನ್ನಿಂದಲೇ ಕಲಿತಿದ್ದಳು. ನನ್ನದನ್ನು ನಾನು ಹೆಂಡತಿಗೂ ಮುಟ್ಟಗೊಟ್ಟಿರಲಿಲ್ಲ. ಮಗಳದ್ದನ್ನು ಒಂದೇ ಮಧ್ಯಾಹ್ನದಲ್ಲಿ ಮೀನಿಗೂ ಕುದುರೆಗೂ ಹಂಚಿ ಎದ್ದಿದ್ದೆ.

ಸೋಮವಾರ ಹೋಗಿ ಮೂವತ್ತು ಇ.ಎಲ್.ಗೆ ಅರ್ಜಿ ಹಾಕಿದೆ. ಮನೆಯಲ್ಲಿ ಯಾರಿಗೆ ಏನಾಯಿತೆಂದು ಇಡೀ ವಿಭಾಗವೇ ಗಾಬರಿಯಾಯಿತು. ಮೊದಲ ಹದಿನೈದು ದಿನ ಹುಬ್ಬಳ್ಳಿಗೆ ಹೋದವು, ಶಕುಂತಲಾ ಚೌಕಾಶಿಗೇ ಅವಕಾಶ ಕೊಡಲಿಲ್ಲ. ಉಳಿದ ಹದಿನೈದು ದಿನ ವೀಣಾ ಮೊದಲಿನಿಂದ ಶುರು ಮಾಡಿದ ಹೊಸ ದುರ್ಗಿಗೆ. ಗೆಳತಿಯರು ಯುಗಾದಿಯವರೆಗೆ ಕಾಯಲು ಒಪ್ಪಿದ್ದಾರೆ. ವೀಣಾ ಕಾಲೇಜಿಗೆ ಹೋದಾಗ ನಾನು ಒಂಬತ್ತರಿಂದ ಸೊಪ್ಪು ಕೀಳುತ್ತೇನೆ, ಒಂದಕ್ಕೆ ಊಟ. ಈಗ ನನಗೆ ಪುಟ್ಟ ರಾಕ್ಷಸರನ್ನು ಹೊಡೆಯುವ ಅಧಿಕಾರವೂ ಸಿಕ್ಕಿದೆ. ಗೆದ್ದು ಪಾಯಿಂಟು ಬಂದ ಕೂಡಲೇ ಕೆಂಪಕ್ಷರ ಮಿಣುಕುತ್ತದೆ. ಆಗ ಏನನ್ನೂ ಮುಟ್ಟದೆ ಶಕುಂತಲಾಳನ್ನು ಕರೆಯಬೇಕೆಂದು ವೀಣಾ ಒಂದು ಚೀಟಿಯಲ್ಲಿ ಬರೆದು ಪರದೆಯ ಮೇಲೆ ಅಂಟಿಸಿದ್ದಾಳೆ, ಜಾರಿಗೊಳಿಸುವ ಹೊಣೆ ಅವಳ ತಾಯಿಯದು.

ನಿನ್ನೆಯೂ ಮಿಣುಕಿತು. “ಶಕ್ಕೂ, ಬಂತು,” ಎಂದು ಕೂಗಿದೆ.

“ರೊಟ್ಟಿ ಬಡಿಯಾಕತ್ತೀನ್ರಿ, ಬಂದೆ. ಅಲ್ಲಿ ಮಟ ಕೈ ಮ್ಯಾಲ ಇರ್ಲಿ,” ಎಂದು ಅಡುಗೆಮನೆಯಿಂದ ಉತ್ತರ ಬಂತು.

ಅವಳು ಎಂಟು ರೊಟ್ಟಿ ಬಡಿದು ಮುಗಿಸುವವರೆಗೆ ಎರಡೂ ಕೈ ಮೇಲೆತ್ತಿಕೊಂಡು ಕೂತಿದ್ದೆ.