ಒಂದರ ಎಡಕ್ಕೆ ಕುಂತ ಮೂರು

ಬನಹಟ್ಟಿಯಲ್ಲಿ ಇಂಗ್ಲಿಷ್ ಬರುವವರು ಮೂರೋ ನಾಲ್ಕೋ ಮಂದಿ. ಆದರೆ ‘ನಂಬರ’ ಅನ್ನೋ ಶಬ್ದ ಮಾತ್ರ ಎಲ್ಲರ ಬಾಯಲ್ಲೂ ಐತಿ. ನೂಲಿಗೆ ನಂಬರ, ಕುಸ್ತಿಗೆ ನಂಬರ, ಬಾವಿಕಟ್ಟೆಯ ಮೇಲೆ ಕೊಡಕ್ಕೂ ನಂಬರ. ನಾನು ಕಾಲಿಟ್ಟ ಕಡೆಯೆಲ್ಲ ಅದೂ ಬಂದು ಒಂದಿಲ್ಲೊಂದು ಫಜೀತಿ ಮಾಡುತ್ತದೆ.

೧. ನೂಲಿನ ನಂಬರ

ನೂಲು ಎಷ್ಟು ತೆಳುವೋ ಅಷ್ಟು ದೊಡ್ಡ ನಂಬರ. ಇಪ್ಪತ್ತು ಅಂದ್ರೆ ದಪ್ಪ, ಅರವತ್ತು ಅಂದ್ರೆ ಕೂದಲೆಳೆ. ನಮ್ಮಪ್ಪ ನೇಯುವುದು ಅರವತ್ತರ ಸೀರೆ. ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಎಳೆ ಉಜ್ಜಿ ನಂಬರ ಹೇಳುತ್ತಾನೆ.

ನಮ್ಮ ಓಣಿಯವರು ಮನುಷ್ಯರನ್ನೂ ಇದರಲ್ಲೇ ಅಳೆಯುತ್ತಾರೆ. ಬಾಜೂಮನಿ ಕಾಕಾ ಮಗನಿಗೆ ಹೆಣ್ಣು ನೋಡಿಕೊಂಡು ಬಂದಾಗ ನಮ್ಮವ್ವ ಕೇಳಿದಳು, “ಹೆಂಗದಾಳ್ರೀ ಹುಡುಗಿ?”

“ಹುಡುಗಿ ಅರವತ್ ನಂಬರ, ವೈನಿ. ಅವರವ್ವ ಮಾತ್ರ ಖರೇನ ಇಪ್ಪತ್ತು.”

“ಮದಿವಿ ಆಗಲಿ ತಡೀರಿ,” ಅಂದಳು ಅವ್ವ. “ಮಗಳೂ ಅವ್ವನ ನಂಬರಿಗೇ ಬರ್ತಾಳ.”

೨. ಸಾಲಿಯ ನಂಬರ

ನಮ್ಮ ಸಾಲಿಯಲ್ಲಿ ಶ್ಯಾಣ್ಯಾತನದ ಪ್ರಕಾರ ಕೂಡಿಸುತ್ತಾರೆ. ಒಂದನೇ ನಂಬರಿನವ ಮಾಸ್ತರರ ಮೇಜಿನ ಹತ್ತಿರ, ಕೊನೆಯವ ಬಾಗಿಲ ಹತ್ತಿರ. ನಾವು ಮೂವತ್ತೊಂದು ಹುಡುಗರು. ನಾನು ಯಾವಾಗಲೂ ಬಾಗಿಲ ಹತ್ತಿರ. ಗಾಳಿ ಛಲೋ ಬರುತ್ತದೆ.

ಒಂದು ದಿನ ಸಾಲಿ ತಪಾಸಣೆಗೆ ಸಂಸ್ಥಾನದ ಇನ್‌ಸ್ಪೆಕ್ಟರು ಬಂದರು. ಬಾಗಿಲಿಂದಲೇ ಎಣಿಕೆ ಶುರು ಅಂದುಕೊಂಡರೋ ಏನೋ, ನನ್ನ ಹೆಗಲ ಮೇಲೆ ಕೈ ಇಟ್ಟರು. “ಒಂದನೇ ನಂಬರ ನೀನ ಏನೋ?”

ಮಾಸ್ತರರ ಮುಖ ಗಂಜಿ ಹಾಕಿದ ಅರಿವಿಯಂಗಾತು. ನಾನು, “ಹೌದ್ರಿ ಸಾಹೇಬ್ರ,” ಅಂದೆ.

“ಹದಿನೇಳೊಂಬತ್ಲೆ?”

“ಇಷ್ಟು ಹಗುರ ಲೆಕ್ಕಾ ನನಗ್ಯಾಕ್ರಿ? ಆ ತುದೀಗೆ ಕುಂತಾನಲ್ರಿ, ಕೊನೀ ಹುಡುಗ, ಅವನ್ನ ಕೇಳ್ರಿ.”

ಖರೆ ಒಂದನೇ ನಂಬರಿನವ ಥಟ್ಟನೆ ಎದ್ದು, “ನೂರಾ ಐವತ್ತಮೂರು,” ಅಂದ. ಸಾಹೇಬರು ಹಿಗ್ಗಿ ಹೀರೇಕಾಯಾದರು. “ಮಾಸ್ತರ, ನಿಮ್ಮ ಕೊನೀ ಹುಡುಗನ ಇಷ್ಟು ಶ್ಯಾಣ್ಯಾ!”

ಅವರು ಹೋದ ಮೇಲೆ ಮಾಸ್ತರರು ಛಡಿ ಎತ್ತಿದರು. ಯಾಕೋ ಮತ್ತೆ ಇಳಿಸಿದರು. “ಬದುಕಿಸಿದಿ ಕತ್ತೆ. ಇವತ್ತೊಂದು ದಿನ ನೀನ ಒಂದನೇ ನಂಬರ. ಆದ್ರ ಬಾಗಲದಾಗ ಕುಂಡ್ರು.”

೩. ಚೀಟಿಯ ನಂಬರ

ಪರೀಕ್ಷೆ ಮುಗಿದು ಚೀಟಿ ಕೊಟ್ಟರು. ಅದರಲ್ಲಿ ನನ್ನ ನಂಬರ ೩೧ ಅಂತ ಇತ್ತು. ಅಪ್ಪನಿಗೆ ಅಕ್ಷರ ಬರದಿದ್ದರೂ ಅಂಕಿ ಬರುತ್ತವೆ. ಚೀಟಿಯನ್ನು ಹತ್ತಿರ ಹಿಡಿದ, ದೂರ ಹಿಡಿದ, ಕಣ್ಣು ಕಿರಿದು ಮಾಡಿದ.

“ಒಂದೇನೋ ಇದು?”

“ಹೌದಪ್ಪಾ, ಒಂದು.”

ಸುಳ್ಳಲ್ಲ. ಒಂದು ಅದರಲ್ಲಿ ಇದ್ದೇ ಇತ್ತು. ಅದರ ಎಡಕ್ಕೆ ಮೂರು ಕುಂತದ್ದನ್ನು ನಾನು ಹೇಳಲಿಲ್ಲ, ಅಷ್ಟೇ. ಅಪ್ಪ ಗಂಜಿ ಹಚ್ಚಿ ಚೀಟಿಯನ್ನು ಮಗ್ಗದ ಎದುರಿನ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದ. ಅವನ ಹಿಗ್ಗು ಕೆಡಿಸಲಿಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ನಾನು ಹೊರಗೆ ಹೋಗಿ ಹೊಟ್ಟೆ ಹಿಡಿದು ನಕ್ಕೆ.

ಒಂದು ವಾರಕ್ಕೆ ನಗೆ ನಿಂತಿತು. ನೂಲು ಕೊಟ್ಟು ನೇಯಿಸುವ ಸಾವಕಾರರು ಅಪ್ಪನ ಸೀರೆಯನ್ನು ಬಿಸಿಲಿಗೆ ಹಿಡಿದರು. ಹರಿದ ಎಳೆ ಕೂಡಿಸದೆ ಹಂಗೇ ಬಿಟ್ಟ ಕಡೆ ಸಣ್ಣ ಸಂದು ಬಿದ್ದಿದ್ದವು.

“ಇನ್ನೊಂದು ಸೀರಿ ಹಿಂಗ ಬಂತಂದ್ರ, ನಿನಗ ಇಪ್ಪತ್ತರ ನೂಲ ನೋಡಪಾ.”

ಬೆರಳು ನಂಬರ ಹೇಳುತ್ತವೆ. ಹರಿದ ಎಳೆಯನ್ನು ಕಣ್ಣೇ ಹುಡುಕಬೇಕು. ಮೂವತ್ತು ವರ್ಷ ಅರವತ್ತು ನೇಯ್ದವ ಅವತ್ತು ಉಣ್ಣಲಿಲ್ಲ. ನಾನು ಗೋಡೆಯ ಕಡೆ ನೋಡಲಿಲ್ಲ.

೪. ಚಷ್ಮಾದ ನಂಬರ

ಮಹಾಲಿಂಗಪುರದ ಸಂತೆಯಲ್ಲಿ ಪೆಟ್ಟಿಗೆ ತುಂಬ ಚಷ್ಮಾ ಇಟ್ಟುಕೊಂಡು ಮಾರುವವನೊಬ್ಬ ಕುಂಡ್ರುತ್ತಾನೆ. ಒಂದೊಂದೇ ಏರಿಸಿ ನೋಡಬೇಕು, ಯಾವುದರಲ್ಲಿ ಕಾಣುತ್ತದೋ ಅದೇ ನಮ್ಮ ನಂಬರ. ಅಪ್ಪ ನನ್ನನ್ನು ಕರಕೊಂಡು ಹೋಗಿ ಅವನ ಮುಂದೆ ಕುಂತ. ಮೊದಲು ಬರಿಗಣ್ಣಿನ ಪರೀಕ್ಷೆ. ಅವ ಅಪ್ಪನ ಕೈಗೆ ಅಂಕಿ ಬರೆದ ರಟ್ಟು ಕೊಟ್ಟು, “ಓದ್ರಿ ಯಜಮಾನ್ರ,” ಅಂದ.

ಅಪ್ಪ ತಡವರಿಸಿದ. ಯಾರಾದರೂ ತಡವರಿಸಿದರೆ ನನ್ನ ಬಾಯಿ ತಾನೇ ಪಿಸುಗುಡುತ್ತದೆ. ಸಾಲಿಯಲ್ಲಿ ಕಲಿತದ್ದು ಅದೊಂದೇ. ಹಿಂದೆ ನಿಂತು, “ಏಳು... ನಾಕು... ಒಂಬತ್ತು,” ಅಂದೆ. ಅಷ್ಟು ಮಂದಿಯ ಮುಂದೆ ಕಾಣೋದಿಲ್ಲ ಅನ್ನಲಾರದೆ ಅಪ್ಪ ಹಂಗೇ ಒಪ್ಪಿಸಿದ. ಖರೆ ಹೇಳಲೇನು? ಅಪ್ಪನಿಗೆ ಚಷ್ಮಾ ಬಂದರೆ ಚೀಟಿಯೊಳಗಿನ ಮೂರೂ ಹೊರಬೀಳುತ್ತದೆ ಅನ್ನೋದೂ ತಲೆಯೊಳಗಿತ್ತು.

ರಟ್ಟಿನ ಕೊನೆಯ ಸಾಲು ಇರುವೆಯಷ್ಟು ಸಣ್ಣದು. ಅದನ್ನೂ ಓದಿಸಿದೆ.

“ಹದ್ದಿನ ಕಣ್ಣು ನಿಮ್ಮವು!” ಅಂದ ಚಷ್ಮಾದವ. “ಚಷ್ಮಾ ಬ್ಯಾಡ, ಮನೀಗೆ ಹೋಗ್ರಿ.”

ಅಪ್ಪ ಎದ್ದ. ತಲೆಯ ಪಟಗಾದಲ್ಲಿ ಸಿಗಿಸಿ ತಂದಿದ್ದ ಅರವತ್ತರ ಎಳೆ ತೆಗೆದು, ಕಣ್ಣ ಮುಂದೆ ಹಿಡಿದು, ಮತ್ತೆ ಒಳಗಿಟ್ಟುಕೊಂಡ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನನಗೆ ತಡೆಯಲಿಲ್ಲ.

“ಓದಿದವ ನಾನ್ರಿ!” ಅಂತ ಒದರಿದೆ.

ಸಂತೆಯೇ ತಿರುಗಿತು. ಚಷ್ಮಾದವ, “ಕಣ್ಣ ಪರೀಕ್ಷಾದಾಗೂ ಕಾಪಿ ಹೊಡಿಸ್ತೀ ಏನಲೇ?” ಅಂದ.

ಅಪ್ಪ ಹಿಂದಕ್ಕೆ ಬಂದು ರಟ್ಟು ಪಕ್ಕಕ್ಕೆ ಸರಿಸಿ, ಆ ಎಳೆಯನ್ನೇ ಹಿಡಿದು ಕುಂತ. ಎಂಟನೇ ಚಷ್ಮಾಕ್ಕೆ ಅವನ ಕೈ ನಿಂತಿತು. ಎಳೆ ನೋಡಿದ, ಸಂತೆ ನೋಡಿದ, ಕಡೆಗೆ ನನ್ನನ್ನು ನೋಡಿದ.

“ಲೇ, ನಿನಗ ಮೀಸಿ ಬಂದಾವಲ್ಲೋ!”

ಮನೆಗೆ ಬಂದವನೇ ಮಗ್ಗಕ್ಕೆ ಕುಂತ. ಹರಿದ ಎಳೆಗಳನ್ನೆಲ್ಲ ಹುಡುಕಿ ಕೂಡಿಸಿ, ತಲೆ ಎತ್ತಿದ. ಎದುರಿಗೆ ಚೀಟಿ. ಬಹಳ ಹೊತ್ತು ನೋಡಿದ. ಬಾಗಿಲು ಎಷ್ಟು ದೂರ ಐತಿ ಅಂತ ನಾನು ನೋಡಿದೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ.

“ನಾ ಎರಡು ವರ್ಷ ಕಣ್ಣ ಕಾಣಸ್ತದ ಅಂತ ಸುಳ್ಳ ಹೇಳಿದೆ. ನೀನೂ ಹಂಗ ಒಂದು ಹೇಳಿದಿ. ಹೋಗು, ಕಂಡಿಕಿಗೆ ನೂಲ ಸುತ್ತು,” ಅಂದ.

ಸೀರೆ ಮುಗಿದಾಗ ಸಾವಕಾರರು ಅದನ್ನು ಬಿಸಿಲಿಗೆ ಹಿಡಿದು, ಮತ್ತೆ ಅರವತ್ತರ ನೂಲನ್ನೇ ಕೊಟ್ಟರು.

ಅದರ ಮರುದಿನ ಬಾಜೂಮನಿ ಕಾಕಾ ಹೊಸ ಚಷ್ಮಾ ನೋಡಲು ಬಂದ. “ಹಂಗಾರ ಆ ಚೀಟಿ ಓದು ನೋಡೋಣು. ನಿನ್ನ ಮಗನ ನಂಬರ ಎಷ್ಟು?”

ನಾನು ಕಂಡಿಕೆ ಬಿಟ್ಟು ಎದ್ದು ನಿಂತೆ.

ಅಪ್ಪ ಸಾವಕಾಶ ಚಷ್ಮಾ ತೆಗೆದ. ಧೋತರದ ಚುಂಗಿನಿಂದ ಅದನ್ನು ಒರೆಸುತ್ತ, ಬರಿಗಣ್ಣಿನಿಂದ ಗೋಡೆಯ ಕಡೆ ನೋಡಿದ.

“ಒಂದು ಅಂತ ಕಾಣಸ್ತದಪಾ,” ಅಂದ.